ನಮ್ಮ ಮನೆಯ ವಾಮನವೃಕ್ಷ

ಗಿಡವನ್ನು ನೆಟ್ಟವರು ಅದು ಬೆಳೆದು ದೊಡ್ಡದಾಗಲೆಂದು ಹಾರೈಸುವುದು ಲೋಕರೂಢಿ. ಅದು ದೊಡ್ಡದಾಗಬಾರದೆಂದು ವರ್ಷವರ್ಷವೂ ಕತ್ತರಿ ಹಿಡಿದು ಅದರ ಮುಂದೆ ಕುಳಿತುಕೊಳ್ಳುವವನನ್ನು ಕಂಡು ನೆರೆಹೊರೆಯವರು ಮುಗುಳುನಕ್ಕರೆ ಅವರನ್ನು ದೂರಲಾಗದು. ನಮ್ಮ ಮನೆಯಲ್ಲಿ ಇಪ್ಪತ್ತನಾಲ್ಕು ವರ್ಷಗಳಿಂದ ಒಂದು ಅಜೇಲಿಯಾ ಗಿಡವಿರುವುದು. ಅದರ ಎತ್ತರ ಒಂದೂವರೆ ಅಡಿ. ಬುಡದ ದಪ್ಪ ಸಣ್ಣ ಮಗುವಿನ ಮುಂಗೈಯಷ್ಟು. ಅದು ನಿಂತಿರುವ ಮಣ್ಣಿನ ಆಳ ನಾಲ್ಕು ಅಂಗುಲ. ಆದರೂ ಸ್ವಲ್ಪ ದೂರ ಸರಿದು ನೋಡಿದರೆ, ಗಾಳಿಮಳೆಗಳನ್ನು ಬಹುಕಾಲ ಸೈರಿಸಿದ ಮುದಿಮರವೊಂದು ಬೆಟ್ಟದ ತಪ್ಪಲಿನಲ್ಲಿ ನಿಂತಂತೆ ತೋರುವುದು. ಈ ಗಿಡದ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದು ಬಹುದಿನಗಳಿಂದ ಇದ್ದ ಆಸೆಗೆ ಈಗ ಒಂದು ಕಾರಣವೂ ಒದಗಿದೆ. ಅದನ್ನು ಕಡೆಯಲ್ಲಿ ಅರಿಕೆ ಮಾಡುವೆನು.

ಆಳವಿಲ್ಲದ ಕುಂಡದಲ್ಲಿ ಮರವನ್ನು ಕಿರಿದಾಗಿ ಬೆಳೆಸುವ ಈ ವಿದ್ಯೆಯನ್ನು ಜಪಾನೀಯರು ಬೋನ್ಸಾಯ್ ಎನ್ನುವರು. ‘ಬೋನ್’ ಎಂದರೆ ತಟ್ಟೆ, ‘ಸಾಯ್’ ಎಂದರೆ ನೆಡುವುದು. ವಿದ್ಯೆಯ ಮೂಲವು ಚೀನಾ ದೇಶ. ಅದನ್ನು ಒಂದು ಶಾಸ್ತ್ರವೆಂಬಂತೆ ಬೆಳೆಸಿದವರು ಜಪಾನೀಯರು. ನಮ್ಮಲ್ಲಿ ಕೆಲವರು ಇಂತಹ ಗಿಡವನ್ನು ವಾಮನವೃಕ್ಷವೆಂದು ಕರೆಯುವುದುಂಟು. ಹೆಸರು ಒಪ್ಪುವಂತಹುದೇ, ವಾಮನನು ಗಿಡ್ಡನಾಗಿದ್ದನೇ ಹೊರತು ಅಲ್ಪನಾಗಿರಲಿಲ್ಲವಷ್ಟೆ.

ಅಜೇಲಿಯಾ ನಮ್ಮ ನಾಡಿನ ಸಸ್ಯವಲ್ಲ. ೧೭೫೩ರಲ್ಲಿ ಲಿನೇಯಸ್ ಎಂಬ ಸ್ವೀಡನ್ ದೇಶದ ಪಂಡಿತನು ಜಪಾನಿನ ಒಂದು ಜಾತಿಯ ಅಜೇಲಿಯಕ್ಕೆ ‘ಇಂಡಿಕಾ’, ಎಂದರೆ ಇಂಡಿಯಾದ್ದು, ಎಂದು ಹೆಸರಿಟ್ಟನು. ಹೆಸರು ನಮ್ಮದಾಯಿತು, ಗಿಡ ಮಾತ್ರ ನಮ್ಮದಲ್ಲ. ಅದಕ್ಕಿಂತ ಅರವತ್ತು ವರ್ಷ ಹಿಂದೆ, ೧೬೯೨ರಲ್ಲಿಯೇ, ಇತೋ ಇಹೇಯ್ ಎಂಬ ಜಪಾನೀ ತೋಟಗಾರನು ಅಜೇಲಿಯದ ನಾನಾ ಬಗೆಗಳನ್ನು ಚಿತ್ರಸಹಿತವಾಗಿ ವಿವರಿಸಿ ‘ಕಿನ್ಶೂ ಮಕುರ’ ಎಂಬ ಗ್ರಂಥವನ್ನು ಪ್ರಕಟಿಸಿದ್ದನು. ಅಲ್ಲಿಯ ಹಳೆಯ ಪಂಚಾಂಗದ ಐದನೆಯ ತಿಂಗಳಲ್ಲಿ ಅರಳುವ ಕಾರಣ ‘ಸತ್ಸುಕಿ’ ಎಂದು ಹೆಸರಾದ ಬಗೆಯೇ ಬೋನ್ಸಾಯಿಗೆ ಹೆಚ್ಚಾಗಿ ಬಳಕೆಯಾಗುವುದು. ಇಂದಿನ ಸಸ್ಯಶಾಸ್ತ್ರಜ್ಞರು ಅಜೇಲಿಯಾಗಳನ್ನು ರೋಡೊಡೆಂಡ್ರಾನ್ ಕುಲದಲ್ಲಿ ಸೇರಿಸಿರುವರು. ನೀಲಗಿರಿಯ ಶೋಲಾ ಕಾಡುಗಳಲ್ಲಿ ಕೆಂಪು ಹೂಗೊಂಚಲು ಬಿಡುವ ರೋಡೊಡೆಂಡ್ರಾನ್ ಮರವು ಇದರ ದಾಯಾದಿ. ಆದುದರಿಂದ ಗಿಡವು ಪರದೇಶದ್ದಾದರೂ ಅದರ ನಂಟರು ನಮ್ಮ ದಕ್ಷಿಣದ ಬೆಟ್ಟಗಳಲ್ಲಿಯೂ ಉಂಟು.

ನಾನು ಅಜ್ಜಂಪುರದ ಶಾಲೆಯೊಂದರಲ್ಲಿ ಉಪಾಧ್ಯಾಯನಾಗಿದ್ದ ಕಾಲದಲ್ಲಿ ನನ್ನ ಪತ್ನಿಯು ಉದಕಮಂಡಲದಿಂದ ಗೇಣುದ್ದದ ಈ ಸಸಿಯನ್ನು ಮಡಿಲಲ್ಲಿಟ್ಟುಕೊಂಡು ತಂದಳು. ಅನಂತರ ನನಗೆ ತರೀಕೆರೆಗೆ ವರ್ಗವಾಯಿತು. ನಿವೃತ್ತನಾದ ಮೇಲೆ ಕಡೂರಿನಲ್ಲಿ ಮನೆ ಮಾಡಿದೆವು. ಹೀಗೆ ಗಿಡವೂ ನಮ್ಮೊಡನೆ ಮೂರು ಊರುಗಳ ನೀರನ್ನು ಕುಡಿಯಿತು. ಕತ್ತರಿಯೂ ತಂತಿಯೂ ಆಕೆಯ ಕೈಯಲ್ಲಿದ್ದುವು. ನೀರು ಹೊರುವುದು ನನ್ನ ಪಾಲು. ಮೂರು ವರ್ಷಗಳ ಹಿಂದೆ ಆಕೆ ತೀರಿಕೊಂಡಳು. ಅಂದಿನಿಂದ ಎರಡೂ ಕೆಲಸಗಳು ನನ್ನವೇ ಆಗಿವೆ.

ಮೂರು ಊರುಗಳೂ ಒಂದೇ ದಿನದಲ್ಲಿ ಸುತ್ತಿಬರುವಷ್ಟು ಹತ್ತಿರ. ಆದರೂ ಮಣ್ಣು ಬೇರೆ, ಗಾಳಿ ಬೇರೆ. ಅಜ್ಜಂಪುರದ ಸುತ್ತ ಕರಿಮಣ್ಣು. ಅಮೃತಮಹಲ್ ದನಗಳು ಮೇಯುವ ಬಯಲುಸೀಮೆ ಅದು. ಮಳೆಯಲ್ಲಿ ಅಂಟಾಗಿ ಬಿಸಿಲಿನಲ್ಲಿ ಬಿರಿಯುವ ಆ ಮಣ್ಣು ಈ ಗಿಡದ ಕೂದಲೆಳೆಯಂತಹ ಬೇರುಗಳಿಗೆ ಆಗದು. ತರೀಕೆರೆ ಅಡಕೆ ತೋಟಗಳ ಊರು, ಮಲೆನಾಡಿನ ಬಾಗಿಲು. ಗಿಡವು ಅತ್ಯಂತ ಸುಖವಾಗಿದ್ದುದು ಅಲ್ಲಿಯೇ. ಕಡೂರಿನಲ್ಲಿಯಾದರೋ ಮುಂಗಾರಿನ ಮೋಡಗಳ ಬಹುಭಾಗವನ್ನು ಬಾಬಾಬುಡನ್ ಗಿರಿಶ್ರೇಣಿಯೇ ತಡೆದುಕೊಳ್ಳುವುದರಿಂದ ನಮಗೆ ಉಳಿಯುವುದು ಬೀಸುವ ಒಣಗಾಳಿ. ಕೊಳವೆಬಾವಿಯ ನೀರನ್ನು ಕಾಯಿಸಿದರೆ ಪಾತ್ರೆಯ ತಳದಲ್ಲಿ ಬಿಳಿಯ ಸುಣ್ಣ ಕಟ್ಟುವುದು.

ಈ ಸುಣ್ಣವೇ ಅಜೇಲಿಯದ ಪರಮಶತ್ರು. ಅದಕ್ಕೆ ಹುಳಿಯ ಗುಣವುಳ್ಳ ಮಣ್ಣು ಬೇಕು. ರಸಾಯನಶಾಸ್ತ್ರದ ಅಳತೆಯಲ್ಲಿ ಹೇಳುವುದಾದರೆ ೪.೫ರಿಂದ ೫.೫ರ ವರೆಗಿನ ಪಿ.ಎಚ್. ಗಡಸು ನೀರನ್ನೇ ಎರೆಯುತ್ತ ಬಂದರೆ ಕೆಲವು ತಿಂಗಳಲ್ಲಿ ಎಳೆಯ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸುರಾಗಿ ಉಳಿಯುವುವು. ಇದು ಕಬ್ಬಿಣದ ಕೊರತೆಯ ಲಕ್ಷಣ. ನಮ್ಮ ಸೀಮೆಯಲ್ಲಿ ಕಬ್ಬಿಣಕ್ಕೆ ಕೊರತೆಯೆ! ತರೀಕೆರೆಯಿಂದ ಲಿಂಗದಹಳ್ಳಿಯ ದಾರಿಯಾಗಿ ಮೇಲೇರಿದರೆ ಸಿಕ್ಕುವ ಕೆಮ್ಮಣ್ಣುಗುಂಡಿಯ ಹೆಸರಿನಲ್ಲಿಯೇ ಕೆಂಪು ಮಣ್ಣು ಉಂಟು; ಭದ್ರಾವತಿಯ ಕಾರ್ಖಾನೆಗೆ ಒಂದು ಕಾಲದಲ್ಲಿ ಅಲ್ಲಿಂದಲೇ ಅದಿರು ಹೋಗುತ್ತಿದ್ದಿತು. ಆದರೆ ಮಣ್ಣಿನಲ್ಲಿ ಕಬ್ಬಿಣವಿದ್ದರೆ ಸಾಲದು. ಸುಣ್ಣವು ಸೇರಿದಲ್ಲಿ ಆ ಕಬ್ಬಿಣವು ನೀರಿನಲ್ಲಿ ಕರಗದೆ ಬೇರಿಗೆ ದಕ್ಕದಂತಾಗುವುದು. ಅನ್ನದ ರಾಶಿಯ ಮುಂದೆ ಬಾಯಿ ಕಟ್ಟಿಸಿಕೊಂಡು ಕುಳಿತಂತೆ ಗಿಡದ ಪಾಡು. ಆದುದರಿಂದ ನಾವು ಮಾಡಿನ ಮಳೆನೀರನ್ನು ಪೀಪಾಯಿಗಳಲ್ಲಿ ತುಂಬಿಟ್ಟು ಬೇಸಗೆಯಲ್ಲಿ ದಿನಕ್ಕೆ ಎರಡು ತಂಬಿಗೆಯಂತೆ ಎರೆಯುವೆವು. ಕುಂಡಕ್ಕೆ ತುಂಬುವುದು ಚೆನ್ನಾಗಿ ಕಳಿತ ಎಲೆಗೊಬ್ಬರ, ತೊಳೆದ ದಪ್ಪ ಮರಳು, ಮತ್ತು ಉಪ್ಪು ಹೋಗುವಂತೆ ಹಲವು ಸಲ ನೆನೆಸಿ ಹಿಂಡಿದ ತೆಂಗಿನ ನಾರಿನ ಪುಡಿ. ಜಪಾನೀಯರು ಕನುಮ ಎಂಬ ಊರಿನ ಹಗುರವಾದ ಹಳದಿ ಮಣ್ಣನ್ನು ಬಳಸುವರು. ನಮಗೆ ತೆಂಗಿನ ಮರವೇ ಕನುಮ.

ಇನ್ನು ಸವರುವ ಕ್ರಮ. ಬಹುಪಾಲು ಮರಗಳಲ್ಲಿ ಶಕ್ತಿಯೆಲ್ಲವೂ ತುದಿಗೆ ಏರುವುದು. ಮೇಲಿನ ಕೊಂಬೆ ಕೊಬ್ಬುವುದು, ಕೆಳಗಿನದು ಸೊರಗುವುದು. ಅಂತಹ ಮರಗಳಿಗೆ ಮೇಲೆ ಬಿಗಿಯಾಗಿ, ಕೆಳಗೆ ಹಗುರವಾಗಿ ಕತ್ತರಿ ಹಾಕಬೇಕು. ಅಜೇಲಿಯದ ಸ್ವಭಾವ ಇದಕ್ಕೆ ವಿಪರೀತ. ಅದು ಪೊದೆಯ ಜಾತಿ. ಅದರ ಬಲವೆಲ್ಲ ಬುಡದಲ್ಲಿ. ಕಾಂಡದ ಬುಡದಿಂದ ಮೇಲಿಂದಮೇಲೆ ಚಿಗುರುಗಳು ಏಳುವುವು. ತುದಿಯು ಮಾತ್ರ ಮೆಲ್ಲಗೆ, ಅಂಜುತ್ತ ಬೆಳೆಯುವುದು. ಆದಕಾರಣ ಕೆಳಗಿನ ಕೊಂಬೆಗಳನ್ನು ನಿರ್ದಾಕ್ಷಿಣ್ಯವಾಗಿ ಮೊಟಕುಮಾಡಿ, ತುದಿಯನ್ನು ಮುಟ್ಟಿಯೂ ಮುಟ್ಟದಂತೆ ಬಿಡಬೇಕು. ಒಂದೊಂದು ಟಿಸಿಲಿನ ತುದಿಯಲ್ಲಿ ನಾಲ್ಕೈದು ಚಿಗುರುಗಳು ಚಕ್ರದಂತೆ ಹೊರಡುವುವು. ಎರಡನ್ನು ಉಳಿಸಿ ಮಿಕ್ಕವನ್ನು ತೆಗೆಯತಕ್ಕದ್ದು. ದಪ್ಪನೆಯ ಹಳೆಯ ಕೊಂಬೆಯನ್ನು ಕಡಿದರೂ ಎಲೆಯಿಲ್ಲದ ಮೋಟಿನಿಂದ ಮತ್ತೆ ಚಿಗುರುವ ಸತ್ತ್ವವು ಇದಕ್ಕುಂಟು. ಆದರೆ ಬಗ್ಗಿಸುವಾಗ ಎಚ್ಚರ ಬೇಕು. ಮರವು ಬಲು ಪೆಡಸು, ಕವಲಿನಲ್ಲಿ ಫಕ್ಕನೆ ಸೀಳುವುದು. ಅಲ್ಯೂಮಿನಿಯಂ ತಂತಿಯನ್ನು ಸುತ್ತಿ ವಾರಕ್ಕಿಷ್ಟು ಎಂಬಂತೆ ಬಾಗಿಸಬೇಕು.

ಕಾಲವನ್ನು ಅರಿಯುವುದು ಕ್ರಮವನ್ನು ಅರಿಯುವಷ್ಟೇ ಮುಖ್ಯ. ನಮ್ಮಲ್ಲಿ ಈ ಗಿಡವು ಮಾಘ ಫಾಲ್ಗುನಗಳಲ್ಲಿ ಅರಳುವುದು. ಹೂ ಬಾಡಿದೊಡನೆ ಅದನ್ನು ಕಾಯಿಕಟ್ಟಲು ಬಿಡದೆ ಚಿವುಟಿಹಾಕಿ, ಯುಗಾದಿಯ ಹೊತ್ತಿಗೆ ಸವರುವ ಕೆಲಸವನ್ನು ಮುಗಿಸಬೇಕು. ಎರಡು ಮೂರು ವರ್ಷಗಳಿಗೊಮ್ಮೆ ಬೇರನ್ನು ಬಾಚಿ, ಮೂರರಲ್ಲೊಂದು ಪಾಲನ್ನು ತೆಗೆದು ಹೊಸ ಮಣ್ಣಿಗೆ ಹಾಕುವುದೂ ಆಗಲೇ. ಅನಂತರ ಬರುವ ಚಿಗುರು ಮಳೆಗಾಲದಲ್ಲಿ ಬಲಿತು ತುದಿಯಲ್ಲಿ ಮುಂದಿನ ವರ್ಷದ ಮೊಗ್ಗನ್ನು ಗುಟ್ಟಾಗಿ ಕಟ್ಟಿಕೊಳ್ಳುವುದು. ನವರಾತ್ರಿಯ ಬಿಡುವಿನಲ್ಲಿ ಅಂದವಾಗಲೆಂದು ಕತ್ತರಿ ಆಡಿಸಿದರೆ ಗಿಡವೇನೋ ದುಂಡಗಾಗುವುದು. ಮಾಘದಲ್ಲಿ ಹೂ ಮಾತ್ರ ಇರದು.

ಇಷ್ಟು ಕೇಳಿದ ಮೇಲೆ ನಮ್ಮ ಬಂಧುಗಳಲ್ಲಿ ಒಬ್ಬರು, “ಬೆಳೆಯುವ ಜೀವವನ್ನು ತಡೆದು ಕುಂಡದಲ್ಲಿ ಕೂಡಿಹಾಕುವುದು ಹಿಂಸೆಯಲ್ಲವೆ?” ಎಂದು ಕೇಳಿದರು. ಪ್ರಶ್ನೆಯು ಹಗುರವಾದುದಲ್ಲ. ಅವರು ಬೆಳಗ್ಗೆ ಕುಡಿದ ಕಾಫಿಯ ಗಿಡವೂ ಸ್ವೇಚ್ಛೆಯಾಗಿ ಬಿಟ್ಟರೆ ಹದಿನೈದು ಅಡಿಯ ಮರವಾಗತಕ್ಕದ್ದೇ. ಎರಡೂವರೆ ಅಡಿಯ ಎತ್ತರದಲ್ಲಿ ಅದರ ತುದಿಯನ್ನು ಮುರಿದು ಪಕ್ಕದ ರೆಕ್ಕೆಗಳನ್ನು ಬೆಳೆಸುವುದನ್ನು ನಮ್ಮ ಗಿರಿಯ ತೋಟಗಳಲ್ಲಿ ಯಾರಾದರೂ ನೋಡಬಹುದು. ಆದರೆ ಇದನ್ನೇ ಉತ್ತರವೆಂದು ಹೇಳಿ ಗೆಲ್ಲಲು ನನಗೆ ಮನಸ್ಸಿಲ್ಲ. ಕಾಫಿಯ ಗಿಡವನ್ನು ಒಂದು ವರ್ಷ ಮರೆತರೆ ಅದು ನೆಲದಿಂದ ನೀರು ಹುಡುಕಿಕೊಳ್ಳುವುದು. ಕುಂಡದ ಗಿಡವನ್ನು ಚೈತ್ರಮಾಸದಲ್ಲಿ ಎರಡು ದಿನ ಮರೆತರೆ ಅದು ಸಾಯುವುದು. ನೆಲವನ್ನು ಅದರಿಂದ ಕಸಿದುಕೊಂಡವನು ತಾನೇ ಅದಕ್ಕೆ ನೆಲವಾಗಬೇಕು. ಹಿಂಸೆ ಎಂಬುದಿದ್ದರೆ ಅದು ಕತ್ತರಿಯಲ್ಲಿಲ್ಲ. ಕತ್ತರಿ ಹಾಕಿದ ಮೇಲೆ ಕೈಬಿಡುವುದರಲ್ಲಿ ಇರುವುದು.

ನನ್ನ ಚಿಂತೆಯೂ ಇದರಿಂದಲೇ ಹುಟ್ಟಿತು. ಜಪಾನಿನಲ್ಲಿ ಇಂತಹ ಮರಗಳು ಅಜ್ಜನಿಂದ ಮೊಮ್ಮಗನಿಗೆ ದಾಟಿ ನೂರಾರು ವರ್ಷ ಬಾಳಿರುವುದುಂಟು. ನನಗೆ ಎಪ್ಪತ್ತು ತುಂಬಿದೆ. ಮಗಳು ಬೆಂಗಳೂರಿಗೆ ಬಂದಿರೆಂದು ಕರೆಯುತ್ತಿರುವಳು. ಆಕೆಯ ಮನೆ ಒಂಬತ್ತನೆಯ ಅಂತಸ್ತಿನಲ್ಲಿ, ಮಾಡಿನ ನೀರು ಹಿಡಿಯಲು ಮಾಡೇ ಇಲ್ಲ. ಗಿಡಕ್ಕಾಗಿ ಮಗಳನ್ನು ದೂರವಿಡುವುದು ನ್ಯಾಯವಲ್ಲ. ಪತ್ನಿಯು ಇಪ್ಪತ್ತು ವರ್ಷ ಕೈಯಾರೆ ತಿದ್ದಿದುದನ್ನು ಒಣಗಲು ಬಿಡುವುದಕ್ಕೂ ಮನಸ್ಸೊಪ್ಪದು. ಕಳೆದ ಚಳಿಗಾಲವೆಲ್ಲ ಈ ಎರಡರ ನಡುವೆ ಕಳೆಯಿತು.

ನೆರೆಮನೆಯಲ್ಲಿ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳಿರುವಳು. ಗಿಡದ ಬಳಿ ಬಂದು ನಿಲ್ಲುವುದು ಅವಳ ಹಳೆಯ ಅಭ್ಯಾಸ. ಆಕೆಯ ತಾಯಿಯ ತವರು ತರೀಕೆರೆಯ ಕಡೆ. ಅಲ್ಲಿ ಅಡಕೆ ತೋಟವೂ ನೆರಳೂ ಉಂಟು. ಈ ಸಲ ಯುಗಾದಿಯ ಹಿಂದಿನ ಭಾನುವಾರ ಕತ್ತರಿಯನ್ನು ಅವಳ ಕೈಗೆ ಕೊಟ್ಟೆನು. ಅವಳು ಬಹಳ ಹೊತ್ತು ಸುಮ್ಮನೆ ನೋಡಿ, ಮೊದಲು ಬುಡದ ಕೊಬ್ಬಿದ ಚಿಗುರನ್ನು ತೆಗೆದಳು, ತುದಿಯ ಬಳಿ ಬಂದಾಗ ಕೈಯನ್ನು ಹಿಂದಕ್ಕೆ ಸೆಳೆದುಕೊಂಡು, “ಇದನ್ನು ಬಿಡೋಣವೆ, ತಾತ?” ಎಂದಳು. ಬಿಡೋಣವೆಂದೆನು. ಗಿಡವನ್ನು ಬರುವ ಮುಂಗಾರಿನಲ್ಲಿ ತರೀಕೆರೆಗೆ ಕಳುಹಿಸುವುದೆಂದು ಇಬ್ಬರೂ ಗೊತ್ತುಮಾಡಿರುವೆವು.

ಅವಳಿಗೆಂದು ಮಣ್ಣು, ನೀರು, ಕಾಲಗಳ ಒಂದು ಪಟ್ಟಿಯನ್ನು ಬರೆಯಲು ಕುಳಿತೆನು. ಅದೇ ಬೆಳೆದು ಈ ಲೇಖನವಾಯಿತು. ಪಟ್ಟಿಯಲ್ಲಿ ಸೇರಿಸಬೇಕಾದ ಒಂದು ಅಂಶ ಮಾತ್ರ ಉಳಿದಿದೆ: ಗಿಡವು ಊರು ಬದಲಿಸಿದ ವರ್ಷ ಹೂವನ್ನು ಕಡಮೆ ಬಿಡುವುದು, ಅದಕ್ಕಾಗಿ ಗೊಬ್ಬರವನ್ನು ಹೆಚ್ಚಿಸಬಾರದು, ಮಳೆನೀರನ್ನು ಎರೆದು ಒಂದು ವರ್ಷ ಕಾಯತಕ್ಕದ್ದು.