ಬೆನ್ನಿಗೊಂದು ಬ್ಯಾಗು, ಅಮ್ಮನ ಸಿಂಬೆ

ಒಂದು ಬ್ಯಾಗು ಕೊಳ್ಳೋದಕ್ಕೆ ಎಂಟು ತಿಂಗಳು ತೆಗೆದುಕೊಂಡೆ ಅಂದರೆ ನೀವು ನಗ್ತೀರಿ ಅಂತ ಗೊತ್ತು. ನಮ್ಮನೆಯವರೂ ನಕ್ಕರು. "ನನ್ನ ಒಪ್ಪೋಕೆ ಇಷ್ಟು ಯೋಚನೆ ಮಾಡಿದ್ದೆಯೇನೇ?" ಅಂತ ಕೇಳಿದರು. ಇಲ್ಲ, ಮಾಡಿರಲಿಲ್ಲ. ಅದು ಬೇರೆ ವಿಷಯ ಬಿಡಿ :-)

ಶುರುವಾಗಿದ್ದು ಕುಮಾರಪರ್ವತದಲ್ಲಿ, ಎರಡು ವರ್ಷದ ಹಿಂದೆ. ನನ್ನ ಹತ್ತಿರ ಸ್ವಂತದ್ದು ಅಂತ ಬ್ಯಾಗಿರಲಿಲ್ಲ. ಇವರದ್ದೇ ಹಳೆಯ 45 ಲೀಟರಿನದ್ದು ಅಟ್ಟದ ಮೇಲಿತ್ತು, ಎತ್ತಿಕೊಂಡು ಹೋದೆ. ದೊಡ್ಡ ಬ್ಯಾಗಿನ ಗುಣ ನಿಮಗೆ ಗೊತ್ತಲ್ಲ.. ಜಾಗ ಇದೆ ಅಂತ ತುಂಬುತ್ತಾ ಹೋಗೋದು. ಮೂರು ಲೀಟರು ನೀರು, ಸ್ವೆಟರು, ಇನ್ನೊಂದು ಸ್ವೆಟರು, ಗುಂಪಿಗೆಲ್ಲ ಆಗುವಷ್ಟು ಚಪಾತಿ. ಹತ್ತುವಾಗ ಹೆಗಲು ನೋಯ್ತಾ ಇತ್ತು, ಅದು ಎಲ್ಲರಿಗೂ ನೋಯೋದೇ ಅಂದುಕೊಂಡೆ. 1712 ಮೀಟರಿನ ತುದಿಗೆ ಹೋಗಿ ಫೋಟೋನೂ ತೆಗೆಸಿಕೊಂಡೆ.

ಇಳಿಯುವಾಗ, ಶೇಷಪರ್ವತದ ಹತ್ತಿರ, ಬಲಗೈಯ ಕಿರುಬೆರಳು ಉಂಗುರದ ಬೆರಳು ಎರಡೂ ಜೋಮು ಹಿಡಿದವು. ಕೈ ಒದರಿದೆ, ಉಜ್ಜಿದೆ, ಹೋಗಲಿಲ್ಲ. ಒಂದು ಕಡೆ ಬಂಡೆ ಹಿಡಿದು ಇಳಿಯಬೇಕಿತ್ತು. ಹಿಡಿದೆ ಅಂತ ನಾನು ಅಂದುಕೊಂಡಿದ್ದೆ, ಕೈ ಹಿಡಿದೇ ಇರಲಿಲ್ಲ! ಜಾರಿದ್ದು ನಾಲ್ಕೈದು ಅಡಿ ಮಾತ್ರ. ಮಂಡಿಗೆ ನಾಲ್ಕು ಹೊಲಿಗೆ. ಎಡಗಡೆಗೆ ಜಾರಿದ್ದರೆ ಇದನ್ನು ಬರೆಯೋಕೆ ನಾನು ಇರ್ತಿರಲಿಲ್ಲವೇನೋ.

ಡಾಕ್ಟರು ಮಂಡಿಗಿಂತ ಹೆಚ್ಚು ಹೊತ್ತು ನನ್ನ ಹೆಗಲನ್ನೇ ನೋಡಿದರು. ಕೈಗೆ ಹೋಗುವ ನರಗಳೆಲ್ಲ ಕುತ್ತಿಗೆಯಿಂದ ಹೊರಟು ಹೆಗಲಿನ ಎಲುಬಿನ ಕೆಳಗೆ ಹಾದು ಬರುತ್ತವಂತೆ. ಬ್ಯಾಗಿನ ಪಟ್ಟಿ ಗಂಟೆಗಟ್ಟಲೆ ಅಲ್ಲಿ ಒತ್ತಿ ಕೆಳಕ್ಕೆ ಜಗ್ಗಿದರೆ ನರಕ್ಕೆ ಪೆಟ್ಟಾಗುತ್ತದಂತೆ. ಮೂಟೆ ಹೊತ್ತು ನಡೆಯುವ ಸೈನಿಕರಲ್ಲಿ, ಚಾರಣಿಗರಲ್ಲಿ ಕಾಣಿಸೋ ಈ ತೊಂದರೆಗೆ 'ರಕ್‌ಸ್ಯಾಕ್ ಪಾಲ್ಸಿ' ಅಂತ ಹೆಸರೇ ಇದೆ. ನನಗೆ ಆರು ವಾರದಲ್ಲಿ ಸರಿಹೋಯಿತು. "ಸೊಂಟಕ್ಕೆ ಬೆಲ್ಟು ಇರಲಿಲ್ಲವಾ?" ಅಂತ ಕೇಳಿದರು. ಇತ್ತು. ಆದರೆ ಆ ಬ್ಯಾಗು ನನಗೆ ಎಷ್ಟು ಉದ್ದವಾಗಿತ್ತು ಅಂದರೆ, ಸೊಂಟದ ಬೆಲ್ಟು ಸೊಂಟ ದಾಟಿ ಕೆಳಗೆ ಕೂತಿತ್ತು. ಸೊಂಟ ಹೊರಬೇಕಾದ ಭಾರವನ್ನೆಲ್ಲ ಹೆಗಲು ಹೊತ್ತಿತ್ತು.

ಆಮೇಲೆ ಬೆಟ್ಟ ಅಂದರೆ ಭಯ. ಒಂದು ವರ್ಷ ಎಲ್ಲೂ ಹೋಗಲಿಲ್ಲ. ಕೊನೆಗೆ ಒಂದು ದಿನ, ಬಿಡೋದಾದರೆ ಬ್ಯಾಗನ್ನು ಬಿಡೋಣ, ಬೆಟ್ಟವನ್ನಲ್ಲ ಅಂತ ತೀರ್ಮಾನ ಮಾಡಿ ಅಂಗಡಿ ಸುತ್ತೋಕೆ ಶುರು ಮಾಡಿದೆ.

ಮೊದಲನೇ ಅಂಗಡೀಲಿ ಹುಡುಗ "ಲೇಡೀಸಾ ಮೇಡಂ? ಈ ಕಡೆ" ಅಂತ ಕರೆದುಕೊಂಡು ಹೋದ. ಅದೇ ಬ್ಯಾಗು, ಬಣ್ಣ ಮಾತ್ರ ಗುಲಾಬಿ! ಅಳತೆ ಕೇಳಿದರೆ "ಫ್ರೀ ಸೈಜ್ ಮೇಡಂ" ಅಂದ. ಚಪ್ಪಲಿಗೆ ನಂಬರು ಇರುತ್ತೆ, ಬಳೆಗೆ ಅಳತೆ ಇರುತ್ತೆ, ಐದು ಕೆಜಿ ಹೊತ್ತು ದಿನವಿಡೀ ನಡೆಯುವ ಬೆನ್ನಿಗೆ ಮಾತ್ರ ಫ್ರೀ ಸೈಜಾ?

ಎರಡನೇದರಲ್ಲಿ ಹಾಕಿಕೊಂಡಿದ್ದು ಚೆನ್ನಾಗೇ ಕೂತಿತು, ತಂದೂಬಿಟ್ಟೆ. ಮನೇಲಿ ತುಂಬಿಸಿ ಹಾಕಿಕೊಂಡರೆ ಎರಡೂ ಪಟ್ಟಿ ಕಂಕುಳನ್ನು ಕೊಯ್ಯೋಕೆ ಶುರು. ನನ್ನ ದಡ್ಡತನ, ವಾಪಸ್ಸು ಕೊಟ್ಟೆ.

ಆ ವಾರ ಊರಿಗೆ ಹೋಗಿದ್ದೆ. ನಮ್ಮೂರು ಕಾಮಸಮುದ್ರದ ಹತ್ತಿರ. ಬೆಂಗಳೂರಿನಿಂದ ಚೆನ್ನೈ ಕಡೆಗೆ ಹೋಗುವ ರೈಲು ಬಂಗಾರಪೇಟೆ ಬಿಟ್ಟ ಮೇಲೆ ಸಿಗುವ ಸ್ಟೇಷನ್ನು, ಇನ್ನೊಂದು ಚೂರು ಹೋದರೆ ಆಂಧ್ರ. ನಮ್ಮ ಕಡೆ ಒಂದೇ ಮಾತಿನಲ್ಲಿ ಕನ್ನಡ ತೆಲುಗು ತಮಿಳು ಮೂರೂ ಬಂದು ಹೋಗುತ್ತವೆ, ಹಾಗೇ ಮೂರು ರಾಜ್ಯದ ಆನೆಗಳೂ ಬಂದು ಹೋಗುತ್ತವೆ. ಕತ್ತಲಾದ ಮೇಲೆ ತೋಟದ ಕಡೆ ಯಾರೂ ಹೋಗಲ್ಲ.

ಬ್ಯಾಗುಗಳನ್ನು ಬೆನ್ನಿಗಲ್ಲ, ಎದೆಗೆ ಹಾಕಿಕೊಳ್ಳೋದನ್ನ ನಾನು ಮೊದಲು ನೋಡಿದ್ದೂ ನಮ್ಮ ಕಡೆಯ ರೈಲಿನಲ್ಲೇ. 2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನಿಂದ ಬೆಂಗಳೂರಿಗೆ ದಿನಾ ಕೆಲಸಕ್ಕೆ ಹೋಗಿ ಬರೋರು ಸಾವಿರಾರು ಜನ. ಮಾರಿಕುಪ್ಪಂ ರೈಲಿನಲ್ಲಿ ನಿಂತುಕೊಂಡು ಹೋಗುವ ಹೆಂಗಸರು, ಮುಂದೆ ಬ್ಯಾಗು, ಬ್ಯಾಗಿನಲ್ಲಿ ಊಟದ ಡಬ್ಬಿ, ಅದರ ಮೇಲೆ ಮಡಚಿದ ಎರಡು ಕೈ. ಅವರ ಹೆಗಲಿನ ಬಗ್ಗೆ ಆಗ ನಾನು ಯೋಚಿಸಿರಲೇ ಇಲ್ಲ.

ಅಮ್ಮನಿಗೆ ಬ್ಯಾಗಿನ ಪುರಾಣವೆಲ್ಲ ಹೇಳಿದೆ. ಅಮ್ಮ ಅಂದರೆ ಬ್ಯಾಗು ಹಾಕಿದವಳೇ ಅಲ್ಲ. ಹುಲ್ಲಿನ ಹೊರೆ, ಸೌದೆ ಹೊರೆ, ರೇಷ್ಮೆ ಹುಳು ಸಾಕುತ್ತಿದ್ದಾಗ ಹಿಪ್ಪುನೇರಳೆ ಸೊಪ್ಪಿನ ಹೊರೆ.. ಎಲ್ಲ ತಲೆ ಮೇಲೆ. ಹಳೇ ಸೀರೆ ತುಂಡನ್ನು ಸುತ್ತಿ ಸಿಂಬೆ ಮಾಡಿ, ಅದರ ಮೇಲೆ ಹೊರೆ, ಸೊಂಟದಲ್ಲಿ ಬಿಂದಿಗೆ.

"ಅಂಗಡೀಲಿ ಖಾಲಿ ಹಾಕ್ಕೊಂಡು ನೋಡ್ದಾ?" ಅಂದಳು.

"ಹೂಂ."

"ಖಾಲಿ ಬಿಂದಿಗೆ ಸೊಂಟಕ್ಕಿಟ್ಟು ನೋಡಿದ್ರೆ ಏನಮ್ಮ ಗೊತ್ತಾಗುತ್ತೆ? ತುಂಬ್ಸಿ ನೋಡಬೇಕು." ಆಮೇಲೆ ತೆಲುಗಿನಲ್ಲಿ ಒಂದು ಮಾತು, ಯಾವಾಗಲೂ ಹೇಳುವಂತೆ, "ಬರುವು ನಡುಂ ಮೀದ ಉಂಡಾಲ." ಭಾರ ಸೊಂಟದ ಮೇಲಿರಬೇಕು.

ಎಂಟು ತಿಂಗಳು ಇಂಟರ್ನೆಟ್ಟಿನಲ್ಲಿ ಓದಿದ್ದರ ಸಾರ ಎರಡು ಸಾಲಿನಲ್ಲಿ!

ಅಳತೆ ತೆಗೆದದ್ದೂ ಅವಳೇ. ತಲೆ ಬಗ್ಗಿಸಿದರೆ ಕುತ್ತಿಗೆಯ ಬುಡದಲ್ಲಿ ಒಂದು ಮೂಳೆ ಉಬ್ಬುತ್ತದೆ ನೋಡಿ, ಅಲ್ಲಿಂದ ಶುರು. ಎರಡೂ ಕೈ ಸೊಂಟದ ಮೂಳೆಯ ಮೇಲಿಟ್ಟು ಹೆಬ್ಬೆರಳುಗಳನ್ನು ಹಿಂದಕ್ಕೆ ಮಾಡಿದರೆ, ಆ ಎರಡು ಹೆಬ್ಬೆರಳಿನ ನಡುವಿನ ಗೆರೆಗೆ ಮುಗೀತು. ಟೈಲರ್ ಟೇಪು ಬೆನ್ನುಮೂಳೆಯ ಗುಂಟ ಹೋಗಬೇಕು. ನನ್ನದು 16 ಇಂಚು. ಇವರದ್ದು ಆಮೇಲೆ ಅಳೆದರೆ 19. ಬ್ಯಾಗು ಆರಿಸೋಕೆ ಬೇಕಾಗಿದ್ದು ಈ ಅಳತೆ, ನಮ್ಮ ಎತ್ತರವಲ್ಲ. ಕಾಲು ಉದ್ದ ಇದ್ದು ಬೆನ್ನು ಗಿಡ್ಡ ಇರೋರು ಬೇಕಾದಷ್ಟು ಜನ ಇದ್ದಾರೆ, ಗಂಡಸರಲ್ಲೂ ಕೂಡ. ಅಂಥವರಿಗೆ ಹೆಂಗಸರ ಬ್ಯಾಗೇ ಸರಿಯಾಗಬಹುದು, ಬಣ್ಣ ನೋಡಿ ನಾಚಿಕೊಳ್ಳದಿದ್ದರೆ :-)

ಅಳತೆ ತೆಗೆಯುತ್ತಾ ನಾನು ಬೆರಳು ಜೋಮು ಹಿಡಿದ ಕಥೆ ಹೇಳಿದೆ. ಅದನ್ನ ಅಲ್ಲಿಯವರೆಗೂ ಅವಳಿಗೆ ಹೇಳಿರಲಿಲ್ಲ, ಗಾಬರಿಯಾಗ್ತಾಳೆ ಅಂತ. ಅವಳು ಗಾಬರಿಯಾಗಲಿಲ್ಲ. ಟೇಪು ಸುತ್ತುತ್ತಾ, "ಆರು ವಾರಕ್ಕೆ ಹೋಯ್ತಾ? ಪುಣ್ಯ. ನಂಗೆ ನಿನ್ನ ತಮ್ಮ ಹುಟ್ಟಿದಾಗಿಂದ ಹಂಗೇ ಐತೆ" ಅಂದಳು.

ನನ್ನ ತಮ್ಮನಿಗೆ ಈಗ ಮೂವತ್ತೊಂದು.

ಸೂಜಿಗೆ ದಾರ ಹಾಕೋಕೆ ನನ್ನನ್ನು ಕರೆಯುತ್ತಿದ್ದದ್ದು ಕಣ್ಣು ಕಾಣಿಸಲ್ಲ ಅಂತ ಅಲ್ಲ. ಹಾಲಿನ ಕ್ಯಾನು ಎರಡು ಸಲ ಕೈಜಾರಿ ಬಿದ್ದಾಗ ಅಪ್ಪ ಬೈದಿದ್ದರು, ನಾವೂ ನಕ್ಕಿದ್ದೆವು. ಇದೆಲ್ಲ ಆ ಕ್ಷಣಕ್ಕೆ ಒಟ್ಟಿಗೆ ನೆನಪಾಯಿತು. ನನಗೆ ಒಂದು ದಿನ ಆಗಿದ್ದಕ್ಕೆ ಡಾಕ್ಟರು, ಔಷಧಿ, ಒಂದು ವರ್ಷದ ಭಯ, ಹೊಸ ಬ್ಯಾಗು. ಅವಳು ಮಾರನೇ ದಿನ ಮತ್ತೆ ಸಿಂಬೆ ಸುತ್ತಿದ್ದಳು. ಕೋಲಾರಕ್ಕೆ ಕರೆದುಕೊಂಡು ಹೋಗಿ ತೋರಿಸಿದೆ. ಕುತ್ತಿಗೆಯ ಮೂಳೆ ಸವೆದಿದೆ, ಇನ್ನು ಹೆಚ್ಚಾಗದಂತೆ ನೋಡಿಕೊಳ್ಳಬಹುದು, ಹೋಗಿದ್ದು ಪೂರ್ತಿ ವಾಪಸ್ಸು ಬರೋದು ಕಷ್ಟ ಅಂದರು. ತಲೆ ಮೇಲೆ ಏನೂ ಹೊರಬಾರದು ಅಂತಲೂ ಅಂದರು. ಅಮ್ಮ ಅದಕ್ಕೆ ತಲೆಯಾಡಿಸಿದ ರೀತಿ ನೋಡಿಯೇ ನನಗೆ ಗೊತ್ತಾಯಿತು, ಕೇಳಲ್ಲ ಅಂತ.

ಸರಿ, ಬ್ಯಾಗಿಗೆ ಬರ್ತೀನಿ. ಮುಂದಿನ ಸಲ ಅಂಗಡಿಗೆ ಹೋದಾಗ ಪಕ್ಕದ ದಿನಸಿ ಅಂಗಡೀಲಿ ಐದು ಕೆಜಿ ಅಕ್ಕಿ ಕೊಂಡುಕೊಂಡೇ ಹೋದೆ. ಅಕ್ಕಿ ಚೀಲ ಬ್ಯಾಗಿಗೆ ಹಾಕಿ, ಅಂಗಡಿಯ ಮೆಟ್ಟಿಲು ಇಪ್ಪತ್ತು ನಿಮಿಷ ಹತ್ತಿ ಇಳಿದೆ. ಅಲ್ಲಿನ ಹುಡುಗರು ಮುಖ ಮುಖ ನೋಡಿಕೊಂಡರು. ನೋಡಿಕೊಳ್ಳಲಿ! ಹಾಗೆ ನೋಡಿ ನಾನು ಕಲಿತದ್ದು ಇಷ್ಟು, ನಿಮಗೂ ಉಪಯೋಗ ಆಗಬಹುದು:

ಮೊದಲು ಬಿಗಿಯಬೇಕಾಗಿದ್ದು ಸೊಂಟದ ಬೆಲ್ಟು. ಅದು ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು. ಆಮೇಲೆ ಹೆಗಲಿನ ಪಟ್ಟಿ, ಕೊನೆಗೆ ಎದೆಯ ಪಟ್ಟಿ. ಹೆಗಲಿನ ಪಟ್ಟಿ ಮತ್ತು ಹೆಗಲಿನ ನಡುವೆ ಒಂದು ಬೆರಳು ಸಲೀಸಾಗಿ ಆಡಬೇಕು. ಆಡದಿದ್ದರೆ ಭಾರ ಇನ್ನೂ ಹೆಗಲ ಮೇಲೇ ಇದೆ ಅಂತ ಅರ್ಥ.

ಹೆಂಗಸರದ್ದು ಅಂತ ನಿಜವಾಗಿ ಮಾಡಿದ ಬ್ಯಾಗಿನಲ್ಲಿ ಹೆಗಲಿನ ಪಟ್ಟಿಗಳು ಹತ್ತಿರ ಹತ್ತಿರ ಇರುತ್ತವೆ, ಎದೆಯ ಪಕ್ಕದಿಂದ ಬಾಗಿ ಹೋಗುತ್ತವೆ. ನೇರ ಪಟ್ಟಿಯಾದರೆ ಎದೆಯನ್ನು ಒತ್ತುತ್ತೆ, ಇಲ್ಲಾ ಕಂಕುಳಿಗೆ ಸರಿಯುತ್ತೆ. ಸೊಂಟದ ಬೆಲ್ಟೂ ಸ್ವಲ್ಪ ಓರೆಯಾಗಿರುತ್ತೆ. ಎದೆಯ ಪಟ್ಟಿಯನ್ನು ಮೇಲೆ ಕೆಳಗೆ ಸರಿಸುವ ಹಾಗಿರಬೇಕು. ಪಟ್ಟಿಯ ಹೊಲಿಗೆ ಒಳ ಉಡುಪಿನ ಪಟ್ಟಿಯ ಮೇಲೇ ಬಂದರೆ ಮಧ್ಯಾಹ್ನದ ಹೊತ್ತಿಗೆ ಚರ್ಮ ಕಿತ್ತು ಬರುತ್ತೆ. ಇದನ್ನ ಯಾವ ಅಂಗಡಿಯವನೂ ಹೇಳಲ್ಲ.

ಜಡೆ ಇರೋರು ತಲೆ ಹಿಂದಕ್ಕೆ ಬಾಗಿಸಿ ನೋಡಿ. ಬ್ಯಾಗಿನ ತುದಿ ತಲೆಗೆ ತಾಗಬಾರದು, ಜಡೆ ಪಟ್ಟಿಗೆ ಸಿಕ್ಕಿಕೊಳ್ಳಬಾರದು.

ಒಂದು ದಿನದ ಬೆಟ್ಟಕ್ಕೆ 20-22 ಲೀಟರು ಸಾಕು. ಎರಡು ಲೀಟರು ನೀರು ಅಂದರೇ ಎರಡು ಕೆಜಿ ಆಯಿತು. ಅದು ಬೆನ್ನಿಗೆ ಅಂಟಿಕೊಂಡಂತೆ ಇರಬೇಕು, ಹೊರಗಡೆಯ ಜೇಬಿನಲ್ಲಲ್ಲ. ಭಾರದ್ದು ಬೆನ್ನಿನ ಹತ್ತಿರ, ಹಗುರದ್ದು ದೂರ. ಮತ್ತೆ, ಒಂದು ಸಣ್ಣ ಜಿಪ್ಪಿನ ಜೇಬು ಬೇರೆಯಾಗಿ ಇರಲಿ, ಪ್ಯಾಡು, ಹಳೇ ಪೇಪರು, ಬಳಸಿದ್ದನ್ನು ವಾಪಸ್ಸು ತರೋಕೆ ಒಂದು ಕವರು. ಬೆಟ್ಟದಲ್ಲಿ ಬಿಸಾಕಿ ಬರಬೇಡಿ, ದಯವಿಟ್ಟು.

ಕಂಪನಿ ಹೆಸರು ಹೇಳಲ್ಲ. ನನ್ನ ಬೆನ್ನಿಗೆ ಕೂತದ್ದು ನಿಮ್ಮ ಬೆನ್ನಿಗೆ ಕೂರಬೇಕು ಅಂತೇನಿಲ್ಲ.

ಮೊದಲ ಪರೀಕ್ಷೆ ಕೋಲಾರದ ಅಂತರಗಂಗೆಯಲ್ಲಿ. ಮೆಟ್ಟಿಲು ಹತ್ತಿ, ಬಸವನ ಬಾಯಿಂದ ಬರುವ ನೀರು ಕುಡಿದು, ಮೇಲಿನ ಗುಹೆಗಳಿಗೆ ಹೋದೆವು. ಅಲ್ಲಿ ಬಂಡೆಗಳ ಸಂದಿಯಲ್ಲಿ ಅಡ್ಡವಾಗಿ ನುಸುಳಬೇಕಾದ ಜಾಗಗಳಿವೆ. ಹಳೇ ಬ್ಯಾಗಾಗಿದ್ದರೆ ನಾನು ಈಗಲೂ ಅಲ್ಲೇ ಸಿಕ್ಕಿಕೊಂಡಿರುತ್ತಿದ್ದೆ. ಇದು ಬೆನ್ನಿಗೆ ಅಂಟಿಕೊಂಡೇ ಬಂತು. ಸೊಂಟದ ಬೆಲ್ಟಿನ ಜೇಬಿನಲ್ಲಿದ್ದ ಕಡ್ಲೆಕಾಯಿ ಚಿಕ್ಕಿಯನ್ನು ಮಾತ್ರ ಒಂದು ಕೋತಿ ಜಿಪ್ಪು ತೆಗೆದು ಎತ್ತಿಕೊಂಡು ಹೋಯಿತು. ಬೆರಳು ಐದೂ ನೆಟ್ಟಗಿದ್ದವು, ನನ್ನವೂ ಕೋತಿಯವೂ!

ಒಂದು ವಿಷಯ ಓದಿದ್ದೆ. ಅಮೆರಿಕದಲ್ಲಿ 1952ರಲ್ಲಿ ಡಿಕ್ ಕೆಲ್ಟಿ ಅನ್ನೋರು ಅಲ್ಯೂಮಿನಿಯಂ ಚೌಕಟ್ಟಿನ ಬ್ಯಾಗು ಮಾಡಿ ಮಾರೋಕೆ ಶುರು ಮಾಡಿದರು. ಭಾರವನ್ನು ಹೆಗಲಿನಿಂದ ಸೊಂಟಕ್ಕೆ ಇಳಿಸುವ ಬ್ಯಾಗುಗಳು ಬಳಕೆಗೆ ಬಂದದ್ದರಲ್ಲಿ ಅವರ ಪಾಲು ದೊಡ್ಡದು. ಮೊದಮೊದಲು ಆ ಬ್ಯಾಗುಗಳನ್ನು ಹೊಲಿದವರು ಅವರ ಹೆಂಡತಿ ನೀನಾ. ಇದನ್ನ ಅಮ್ಮನಿಗೆ ಹೇಳಿದರೆ, "ಹೊಲಿದೋಳು ಹೆಂಗಸೇ ಅಲ್ವಾ, ನಮ್ಮ ಅಳತೇಗೂ ಆವಾಗ್ಲೇ ಒಂದು ಹೊಲಿಬೋದಿತ್ತಲ್ಲ" ಅಂದಳು.

ಹೋದ ತಿಂಗಳು ಅಮ್ಮನನ್ನು ಆವನಿ ಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದೆ. ಮುಳಬಾಗಿಲು ತಾಲ್ಲೂಕಿನದ್ದು. ಕೆಳಗೆ ರಾಮಲಿಂಗೇಶ್ವರ ದೇವಸ್ಥಾನ, ಬೆಟ್ಟದ ಮೇಲೆ ಸೀತಮ್ಮನ ಗುಡಿ. ಸೀತೆ ಲವಕುಶರನ್ನು ಹೆತ್ತು ಬೆಳೆಸಿದ ಜಾಗ ಅಂತ ನಮ್ಮ ಕಡೆಯವರ ನಂಬಿಕೆ. ಅಮ್ಮನಿಗೆ ಬಹಳ ವರ್ಷದಿಂದ ಹೋಗಬೇಕು ಅಂತಿತ್ತು. ಹಣ್ಣುಕಾಯಿ, ನೀರು, ಬುತ್ತಿ ಎಲ್ಲ ನನ್ನ ಬ್ಯಾಗಿನಲ್ಲಿ. ಅವಳ ಕೈಯಲ್ಲಿ ಏನೂ ಇಲ್ಲ, ತಲೆ ಮೇಲೆ ಏನೂ ಇಲ್ಲ.

ಹತ್ತುತ್ತಾ ಅವಳು ಪದೇ ಪದೇ ಸೆರಗು ಹಿಡಿದುಕೊಳ್ಳುತ್ತಿದ್ದಳು, ಬಿಡುತ್ತಿದ್ದಳು, ಕೈ ಹಿಂದಕ್ಕೆ ಕಟ್ಟುತ್ತಿದ್ದಳು. ಏನಮ್ಮಾ ಅಂತ ಕೇಳಿದೆ.

"ಏನಿಲ್ಲ. ಸುಮ್ನೆ ಯಾವತ್ತೂ ಗುಡ್ಡ ಹತ್ತಿರ್ಲಿಲ್ಲ ನಾನು. ಕೈ ಎಲ್ಲಿಡಬೇಕೋ ಗೊತ್ತಾಗ್ತಾ ಇಲ್ಲ."

ಇಳಿಯುವಾಗ ಬ್ಯಾಗು ಕೊಡು ಅಂತ ಹಠ ಮಾಡಿದಳು. ಬುತ್ತಿ ನೀರು ಎರಡೂ ಖಾಲಿಯಾಗಿತ್ತು, ಕೊಟ್ಟೆ. ಸೀರೆಯ ನೆರಿಗೆಯ ಗಂಟು ಬೆಲ್ಟಿಗೆ ಅಡ್ಡ ಬಂತು. ಬೆಲ್ಟಿನ ಬಕಲನ್ನು ಗಂಟಿನ ಮೇಲಕ್ಕೆ ಸ್ವಲ್ಪ ಸರಿಸಿ ಬಿಗಿದೆ. ಅವಳ ಬೆನ್ನೂ 16 ಇಂಚೇ ಇರಬೇಕು, ಸರಿಯಾಗಿ ಕೂತಿತು. ನಾಲ್ಕು ಹೆಜ್ಜೆ ಹಾಕಿ ನಿಂತು, ತಲೆ ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಹೊರೆ ಹೊತ್ತವರು ಹಾಗೆ ತಿರುಗಿಸೋಕೆ ಆಗಲ್ಲ ನೋಡಿ.

"ಇದ್ರಲ್ಲಿ ಸೊಪ್ಪು ಎಷ್ಟು ಹಿಡಿಯುತ್ತೆ?" ಅಂದಳು.

ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಈಗ ಎರಡನೇ ಬ್ಯಾಗು ಹುಡುಕುತ್ತಿದ್ದೇನೆ.. ಸೀರೆಯ ಮೇಲೆ ಕೂರೋ ಬೆಲ್ಟಿನದ್ದು, ಬಾಯಿ ಅಗಲವಾಗಿ ತೆರೆಯೋದು, ಹಗುರವಾಗಿರೋದು. ನಿಮಗ್ಯಾರಿಗಾದರೂ ಅಂಥದ್ದು ಕಣ್ಣಿಗೆ ಬಿದ್ದಿದ್ದರೆ ಹೇಳ್ತೀರಾ? ಗುಲಾಬಿ ಬಣ್ಣವಾದರೂ ಪರವಾಗಿಲ್ಲ.