ಉದಕಮಂಡಲದಲ್ಲಿ ಎರಡು ರಾತ್ರಿ

ತಾಳವಾಡಿಯಿಂದ ಹೊರಟು ಚಾಮರಾಜನಗರ, ಗುಂಡ್ಲುಪೇಟೆಗಳನ್ನು ದಾಟಿ, ಬಂಡೀಪುರದ ಕಾಡನ್ನು ಹಾದು ನೀಲಗಿರಿಯನ್ನೇರುವ ಹೊತ್ತಿಗೆ ಸಂಜೆಯಾಗಿತ್ತು. ಸುಮಾರು 2,240 ಮೀಟರ್ ಎತ್ತರದ ಉದಕಮಂಡಲದ ಚಳಿ ಬಸ್ಸಿನ ಕಿಟಕಿಯಲ್ಲೇ ನಮ್ಮನ್ನು ಎದುರುಗೊಂಡಿತು. ನಿಲ್ದಾಣದಲ್ಲಿ ಬಡಗರ ಮಾತು ಕಿವಿಗೆ ಬಿದ್ದೊಡನೆ ನಮ್ಮ ತಾಯಿಯವರ ಮುಖ ಅರಳಿತು. "ನಮ್ಮ ಮಾತಿನ ಹಾಗೇ ಇದೆಯಲ್ಲಪ್ಪ!" ಎಂದರು.

ಮೊದಲ ರಾತ್ರಿ ನಿಲ್ದಾಣದ ಬಳಿಯ ಸಾಧಾರಣ ಲಾಡ್ಜಿನಲ್ಲಿ ಇಳಿದುಕೊಂಡೆವು. ಮೇಜಿನ ಹಿಂದೆ ಕುಳಿತಿದ್ದ ಹಿರಿಯರು, "ಕೊಠಡಿಗೆ 1,400, ಹೆಚ್ಚಿನ ಹಾಸಿಗೆಗೆ 100, ತೆರಿಗೆ 75, ಒಟ್ಟು 1,575 ರೂಪಾಯಿ. ಬಿಸಿನೀರು ಬೆಳಿಗ್ಗೆ ಮಾತ್ರ" ಎಂದು ಒಂದೇ ಉಸಿರಿನಲ್ಲಿ ಹೇಳಿದರು. ಗೋಡೆಯ ಸುಣ್ಣ ಉದುರಿತ್ತು, ಕಂಬಳಿ ಬೆಚ್ಚಗಿತ್ತು. ರಾತ್ರಿ ತಾಯಿಯವರು ಬಿಸಿ ಹಾಲು ಬೇಕೆಂದಾಗ ಹುಡುಗನೊಬ್ಬ ಎದುರಿನ ಅಂಗಡಿಯಿಂದ 25 ರೂಪಾಯಿಗೆ ತಂದುಕೊಟ್ಟ. ಬೆಳಿಗ್ಗೆ ನಾವು ತೆತ್ತದ್ದು ಅವರು ಹೇಳಿದ್ದಷ್ಟೇ ಹಣ.

ಮರುದಿನ 1848ರಲ್ಲಿ ಆರಂಭವಾದ ಸಸ್ಯೋದ್ಯಾನವನ್ನೂ, 1908ರಲ್ಲಿ ಇಲ್ಲಿಯವರೆಗೆ ಏರಿಬಂದ ಪುಟ್ಟ ರೈಲನ್ನೂ ನೋಡಿದೆವು. ಆ ರಾತ್ರಿಗೆ ದೊಡ್ಡ ಹೋಟೆಲೊಂದರಲ್ಲಿ ಕೊಠಡಿ ಗೊತ್ತುಮಾಡಿದ್ದೆ. ಬದುಕಿನಲ್ಲೊಮ್ಮೆ ತಾಯಿಯವರನ್ನು ಅಂಥ ಕಡೆ ಇರಿಸಬೇಕೆಂಬುದು ನನ್ನ ಬಹುದಿನದ ಆಸೆ. ಬಾಡಿಗೆ 8,000 ಎಂದಿದ್ದರು. ಮುಂದೆ ಏನನ್ನೂ ಕೇಳಲಿಲ್ಲ. ಆ ಹೊಳೆಯುವ ನೆಲದ ಮೇಲೆ ನಿಂತು ಬೆಲೆ ವಿಚಾರಿಸುವುದೇ ಅಗೌರವವೆನಿಸಿತು.

ಬೆಳಿಗ್ಗೆ ಬಿಲ್ಲು ಬಂದಿತು. ಹೆಚ್ಚಿನ ಹಾಸಿಗೆಗೆ 1,500. ಎರಡರ ಮೇಲೂ ಶೇಕಡಾ 18ರ ತೆರಿಗೆ 1,710. ಒಂದು ಲೋಟ ಹಾಲಿಗೆ 150, ಅದರ ಮೇಲೆ ಸೇವಾ ಶುಲ್ಕ 15, ಎರಡಕ್ಕೂ ಸೇರಿ ತೆರಿಗೆ 29 ರೂಪಾಯಿ 70 ಪೈಸೆ. ಎಂಟು ಸಾವಿರವೆಂದದ್ದು ಹನ್ನೊಂದು ಸಾವಿರದ ನಾನೂರನ್ನು ದಾಟಿತ್ತು.

ತೆರಿಗೆಯ ಹಣ ಹೋಟೆಲಿನವರದಲ್ಲ, ಸರ್ಕಾರದ್ದು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿಗೆ ಶೇಕಡಾ 5, ಅದನ್ನು ಮೀರಿದರೆ ಶೇಕಡಾ 18. ಹೀಗಾಗಿ 7,500ರ ಕೊಠಡಿಗೆ ಒಟ್ಟು 7,875 ಆದರೆ, 7,600ರದಕ್ಕೆ 8,968 ಆಗುತ್ತದೆ. ನೂರು ರೂಪಾಯಿಯ ಮೆಟ್ಟಿಲು ಏರಿದವನು 1,093 ರೂಪಾಯಿ ಹೆಚ್ಚು ತೆರುತ್ತಾನೆ! ಅಂಥ ಹೋಟೆಲಿನ ಊಟ ತಿಂಡಿಗೂ ಶೇಕಡಾ 18. ಬೀದಿಯ ಉಪಾಹಾರಗೃಹದಲ್ಲಿ ಶೇಕಡಾ 5. ಮುದ್ರಿತ ಬೆಲೆಗಿಂತ ಹೆಚ್ಚಿಗೆ ನೀರಿನ ಬಾಟಲಿಯನ್ನು ಹೋಟೆಲಿನವರು ಮಾರಬಹುದೆಂದು ಸುಪ್ರೀಂ ಕೋರ್ಟು 2017ರಲ್ಲೇ ಹೇಳಿದೆ. ಆದರೆ ಸೇವಾ ಶುಲ್ಕದ ಮಾತು ಬೇರೆ. ಅದನ್ನು ಕಡ್ಡಾಯವಾಗಿ ಬಿಲ್ಲಿಗೆ ಸೇರಿಸಬಾರದೆಂಬ 2022ರ ಕೇಂದ್ರ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟು 2025ರ ಮಾರ್ಚ್ 28ರಂದು ಎತ್ತಿಹಿಡಿಯಿತು. ಇದನ್ನು ತಿಳಿದಿದ್ದೂ ಆ ಹದಿನೈದು ರೂಪಾಯಿಯನ್ನು ತೆಗೆಯಿರೆಂದು ಕೇಳಲು ನನಗೆ ಬಾಯಿ ಬರಲಿಲ್ಲ.

ಲಾಡ್ಜಿನ ಗಿರಾಕಿ ಹತ್ತು ರೂಪಾಯಿ ಹೆಚ್ಚಾದರೂ ಪಕ್ಕದ ಬಾಗಿಲಿಗೆ ಹೋಗುತ್ತಾನೆ; ಆದ್ದರಿಂದ ಅಲ್ಲಿ ಲೆಕ್ಕ ಮೊದಲೇ ಬಿಚ್ಚಿಕೊಳ್ಳುತ್ತದೆ. ದೊಡ್ಡ ಹೋಟೆಲಿನಲ್ಲಿ ಅನೇಕರ ಖರ್ಚನ್ನು ಕಂಪನಿ ಕೊಡುತ್ತದೆ. ಉಳಿದವರು ನನ್ನಂತೆ ಸಂಕೋಚದಿಂದ ಸುಮ್ಮನಿರುತ್ತಾರೆ. ಆ ಮೌನಕ್ಕೂ ಅಲ್ಲಿ ಬೆಲೆಯುಂಟು.

ಬಸ್ಸಿನಲ್ಲಿ ತಾಯಿಯವರು ಕೇಳಿದರು: "ರಾತ್ರಿ ಹಾಲಿಗೆ ಎಷ್ಟು ತಗೊಂಡ್ರಪ್ಪ?"

"ಮೂವತ್ತು ರೂಪಾಯಿ, ಅವ್ವ."

"ಮೊನ್ನೆಯದಕ್ಕಿಂತ ಐದು ರೂಪಾಯಿ ಹೆಚ್ಚು! ಗೊತ್ತಿದ್ದರೆ ಬೇಡ ಅಂತಿದ್ದೆ" ಎಂದು ನೊಂದುಕೊಂಡರು.

ನಾನು ಕಿಟಕಿಯಾಚೆಯ ಚಹಾ ತೋಟಗಳನ್ನು ನೋಡುತ್ತ ಕುಳಿತೆ. ಮುಂದೊಮ್ಮೆ ಅವರನ್ನು ಕರೆದೊಯ್ದಾಗ, ದೊಡ್ಡ ಬಾಗಿಲಾಗಲಿ ಚಿಕ್ಕ ಬಾಗಿಲಾಗಲಿ, "ಎಲ್ಲವೂ ಸೇರಿ ಎಷ್ಟು?" ಎಂದು ಮೊದಲೇ ಕೇಳುತ್ತೇನೆ. ತಾಯಿಗೆ ಸುಳ್ಳು ಹೇಳುವುದಕ್ಕಿಂತ ಅಪರಿಚಿತರೆದುರು ಬೆಲೆ ಕೇಳುವ ಸಂಕೋಚವೇ ಹಗುರವಾದುದು.