ಎಲೆ ಬಿಡುವ ವಿದ್ಯೆ

ಡೊಂಬಿವಲಿಯಿಂದ ಬೋರಿಬಂದರಕ್ಕೆ ಮೂವತ್ತೆರಡು ವರ್ಷ ಲೋಕಲ್ ಗಾಡಿಯಲ್ಲಿ ಓಡಾಡಿದವನಿಗೆ ಇಸ್ಪೀಟು ಬರುವುದಿಲ್ಲವೆಂದರೆ ನಮ್ಮ ಸಂಘದಲ್ಲಿ ಯಾರೂ ನಂಬಲಿಕ್ಕಿಲ್ಲ. ಆದರೆ ಅದು ನಿಜ. ಮೊಣಕಾಲುಗಳ ಮೇಲೆ ಬ್ರೀಫ್‌ಕೇಸ್ ಅಡ್ಡವಾಗಿಟ್ಟು ರಮ್ಮಿ ಆಡುತ್ತಿದ್ದ ಮಂಡಳಿಗಳ ಪಕ್ಕದಲ್ಲೇ ನಿಂತು ಪತ್ರಿಕೆ ಓದಿದವನು ನಾನು. ಬ್ಯಾಂಕಿನಲ್ಲಿ ಅನ್ಯರ ಹಣ ಎಣಿಸುವುದೇ ಸಾಕಾಗಿತ್ತು. ಸ್ವಂತದ ಹಣವನ್ನು ಎಲೆಗಳ ಮೇಲಿಡುವ ಧೈರ್ಯ ಎಲ್ಲಿಂದ ಬರಬೇಕು? ಅಂಥ ನಾನು ನಿವೃತ್ತನಾದ ಮೇಲೆ, ಅರವತ್ತನಾಲ್ಕರ ವಯಸ್ಸಿನಲ್ಲಿ, ಮೊಬೈಲಿನಲ್ಲಿ ಪೋಕರ್ ಕಲಿತೆನೆಂದರೆ ಅದಕ್ಕೆ ಕಾರಣ 2020ರ ಲಾಕ್‌ಡೌನ್ ಮತ್ತು ನನ್ನ ಮಗ.

ಮಗ 2019ರಲ್ಲಿ ಭದ್ರವಾದ ಬ್ಯಾಂಕ್ ನೌಕರಿ ಬಿಟ್ಟು, ಪ್ರವಾಸದ ಏರ್ಪಾಟು ಮಾಡುವ ಒಂದು ಸಣ್ಣ ಕಂಪನಿ ಸೇರಿದ್ದ. ಮರುವರ್ಷ ಮಾರ್ಚಿನಲ್ಲಿ ಲೋಕವೇ ಬಾಗಿಲು ಹಾಕಿಕೊಂಡಿತು. ಜೂನಿನ ಹೊತ್ತಿಗೆ ಕಂಪನಿಯೂ ಹಾಕಿತು. “ನಾ ಆವಾಗ್ಲೇ ಹೇಳಿದ್ದಿಲ್ಲೇನು?” ಎಂದು ನಾನು ಊಟಕ್ಕೊಮ್ಮೆ ಹೇಳಿದೆ. ಅವನು ಉತ್ತರ ಕೊಡಲಿಲ್ಲ. ಎರಡು ಕೋಣೆಯ ಮನೆಯಲ್ಲಿ ಮಾತು ಕಡಿಮೆಯಾದರೆ ಅದರ ಭಾರ ಎಷ್ಟೆಂದು ಮುಂಬಯಿಯವರಿಗೆ ಹೇಳಬೇಕಾಗಿಲ್ಲ. ಒಂದು ಸಂಜೆ, ಬಹುಶಃ ನನ್ನ ಬಾಯಿ ಮುಚ್ಚಿಸಲೆಂದೇ, ಫೋನು ಹಿಡಿದು ಬಂದು, “ಅಪ್ಪಾ, ಬರ್ರಿ, ಒಂದ್ ಆಟಾ ಕಲಸ್ತೀನಿ” ಎಂದ. ಧಾರವಾಡದ ಕಟ್ಟುನಿಟ್ಟಿನ ಮನೆಯಿಂದ ಬಂದ ನನ್ನಾಕೆ ಒಳಗಿನಿಂದಲೇ, “ಈ ವಯಸ್ಸಿನ್ಯಾಗ ಇದೊಂದು ಬಾಕಿ ಉಳದಿತ್ತು ನೋಡ್ರಿ” ಎಂದಳು.

ಆಟ ಕಲಿಯಲು ಅರ್ಧ ಗಂಟೆ ಸಾಕು. ಪ್ರತಿಯೊಬ್ಬನ ಕೈಗೆ ಎರಡು ಎಲೆ. ನಡುವೆ ಎಲ್ಲರಿಗೂ ಕಾಣುವಂತೆ ಐದು ಎಲೆ. ಈ ಏಳರಲ್ಲಿ ಒಳ್ಳೆಯ ಐದನ್ನು ಆರಿಸಿಕೊಳ್ಳಬೇಕು. ನಾನು ಆಡುತ್ತಿದ್ದುದು 55 ರೂಪಾಯಿ ಪ್ರವೇಶದ ಪಂದ್ಯ. ಎಲ್ಲರಿಗೂ ಸಮನಾದ ಬಿಲ್ಲೆಗಳು. ಅವು ತೀರಿದರೆ ಮನೆಗೆ. ಸರದಿಯಂತೆ ಇಬ್ಬರು ಎಲೆ ನೋಡುವ ಮೊದಲೇ ಕಡ್ಡಾಯವಾಗಿ ಬಿಲ್ಲೆ ಹಾಕಬೇಕು. ಇದಕ್ಕೆ ಬ್ಲೈಂಡ್ ಎಂದು ಹೆಸರು. ಕೆಲವು ನಿಮಿಷಕ್ಕೊಮ್ಮೆ ಈ ಕಂದಾಯ ಏರುತ್ತದೆ. ಆದ್ದರಿಂದ ಸುಮ್ಮನೆ ಕೂತವನೂ ಕರಗುತ್ತಾನೆ, ಅವಸರ ಮಾಡಿದವನೂ ಕರಗುತ್ತಾನೆ.

ಮೊದಲ ಇನ್ನೂರು ಪಂದ್ಯ ನಾನು ಅವಸರದವನಾಗಿದ್ದೆ. ಕೈಯಲ್ಲೊಂದು ರಾಜನೋ ರಾಣಿಯೋ ಕಂಡರೆ ಸಾಕು, ಬಿಡಲು ಮನಸ್ಸು ಬಾರದು. ಆಮೇಲೆ ಡ್ಯಾನ್ ಹ್ಯಾರಿಂಗ್ಟನ್ ಎಂಬ ಅಮೆರಿಕದ ಆಟಗಾರನ ಪುಸ್ತಕ ಕೈಗೆ ಬಂತು. ಅವನು 1995ರಲ್ಲಿ ಲಾಸ್ ವೇಗಾಸಿನ ವಿಶ್ವ ಪಂದ್ಯ ಗೆದ್ದವನು. 2003ರಲ್ಲಿ ಅದೇ ಪಂದ್ಯದಲ್ಲಿ ಮೂರನೆಯವನಾದ. ಆ ವರ್ಷ ಗೆದ್ದವನು ಕ್ರಿಸ್ ಮನಿಮೇಕರ್ ಎಂಬ ಲೆಕ್ಕಿಗ. ಆನ್‌ಲೈನಿನ ಒಂದು ಸಣ್ಣ ಪಂದ್ಯದಿಂದ ಪ್ರವೇಶ ಗಿಟ್ಟಿಸಿಕೊಂಡು ಬಂದು 25 ಲಕ್ಷ ಡಾಲರ್ ಗೆದ್ದ. ಆ ಕಥೆ ಕೇಳಿ ಎಷ್ಟು ಮಂದಿ ಲೆಕ್ಕಿಗರು ಫೋನು ಹಿಡಿದರೋ! ಅಂದು ಆಡಿದವರು ಒಟ್ಟು 839 ಮಂದಿ. ಉಳಿದ 838ರಲ್ಲಿ ಹೆಚ್ಚಿನವರ ಹೆಸರು ಯಾರ ನೆನಪಿನಲ್ಲೂ ಇಲ್ಲ.

ನಾನು ಕಲಿತದ್ದನ್ನು ನಾಲ್ಕು ಮಾತಿನಲ್ಲಿ ಹೇಳಬಹುದು. ಮೊದಲನೆಯದು, ಎಲೆ ಬಿಡುವುದು. ನೂರು ಕೈಯಲ್ಲಿ ಎಂಬತ್ತನ್ನಾದರೂ ಪ್ಯಾಕ್ ಮಾಡಬೇಕು. ಉಳಿದವನ್ನೂ ಆದಷ್ಟು ಕಡೆಯ ಸರದಿಯಲ್ಲಿ ಆಡಬೇಕು. ಇತರರು ಏನು ಮಾಡಿದರೆಂದು ನೋಡಿ ಮಾತಾಡುವವನಿಗೆ ಯಾವ ಸಭೆಯಲ್ಲೂ ಅನುಕೂಲ. ಎರಡನೆಯದು, ಸಣ್ಣ ಪಣದ ಆಟದಲ್ಲಿ ಠಕ್ಕು ನಡೆಯದು. 55 ರೂಪಾಯಿ ಕೊಟ್ಟು ಬಂದವನು ನಿಮ್ಮ ಎಲೆ ನೋಡಿಯೇ ತೀರುತ್ತಾನೆ. ಆದ್ದರಿಂದ ಒಳ್ಳೆಯ ಎಲೆ ಬಂದಾಗ ಧಾರಾಳವಾಗಿ ಏರಿಸಿ, ಇಲ್ಲದಾಗ ತೆಪ್ಪಗಿರುವುದೇ ಲೇಸು. ಮೂರನೆಯದು, ಬೆಲೆ ಕೇಳಿ ಕೊಳ್ಳುವುದು. ಕಣದಲ್ಲಿ 300 ಬಿಲ್ಲೆಗಳಿದ್ದು ನಾನು 100 ಹಾಕಬೇಕಾದರೆ, ನಾಲ್ಕರಲ್ಲಿ ಒಮ್ಮೆಯಾದರೂ ಗೆಲ್ಲುವಂತಿರಬೇಕು. ನಾಲ್ಕು ಆಟಿನ್ ಸೇರಿ ಐದನೆಯದಕ್ಕೆ ಕಾಯುತ್ತಿದ್ದೇನೆ, ಬರುವುದು ಇನ್ನೊಂದೇ ಎಲೆ ಎಂದುಕೊಳ್ಳಿ. ಕಾಣದ 46 ಎಲೆಗಳಲ್ಲಿ ನನಗೆ ಬೇಕಾದವು 9. ಅಂದರೆ ಹೆಚ್ಚುಕಡಿಮೆ ಐದಕ್ಕೊಂದು. ಸಾಲ ಮಂಜೂರು ಮಾಡಲಾಗದು! ನಾಲ್ಕನೆಯದು, ಬಿಲ್ಲೆಗಳು ದೊಡ್ಡ ಬ್ಲೈಂಡಿನ ಹತ್ತು ಪಟ್ಟಿಗಿಳಿದಾಗ ಚಿಲ್ಲರೆ ವ್ಯವಹಾರ ಕೂಡದು. ಇದ್ದದ್ದೆಲ್ಲ ಹಾಕಬೇಕು, ಇಲ್ಲವೇ ಎಲೆ ಬಿಡಬೇಕು. ಇದರ ಜೊತೆಗೆ ಮಗ ಹಾಕಿಕೊಟ್ಟ ಒಂದು ಕಟ್ಟು: ಆಟಕ್ಕೆಂದು ಎತ್ತಿಟ್ಟ ಹಣದ ನೂರರಲ್ಲೊಂದು ಪಾಲಿಗಿಂತ ಹೆಚ್ಚನ್ನು ಒಂದು ಪಂದ್ಯಕ್ಕೆ ಇಡಬಾರದು. ಹೀಗಾಗಿ 5,500 ರೂಪಾಯಿ ಬೇರೆ ತೆಗೆದಿಟ್ಟೆ. ಪೆನ್ಷನ್ನಿನ ಖಾತೆಗೆ ಕೈ ಹಾಕಲಿಲ್ಲ.

ಈಗ ಆ ರಾತ್ರಿಯ ಸಂಗತಿ ಹೇಳಬೇಕು. ಏಳುನೂರು ಮಂದಿಯಲ್ಲಿ ಹದಿನಾಲ್ಕು ಮಂದಿ ಉಳಿದಿದ್ದೆವು. ನನ್ನ ಕೈಗೆ ಎರಡು ಎಕ್ಕ ಬಂದವು. ಸರಾಸರಿ 221 ಕೈಗೆ ಒಮ್ಮೆ ಬರುವ ಭಾಗ್ಯ ಅದು. ಎದುರಿನವನೂ ಇದ್ದದ್ದೆಲ್ಲ ಹಾಕಿದ. ಅವನದು ಎರಡು ರಾಜ. ಐದರಲ್ಲಿ ನಾಲ್ಕು ಸಲ ನಾನು ಗೆಲ್ಲುವ ಕೈ. ಕಟ್ಟಕಡೆಯ ಎಲೆಯಾಗಿ ಕಳಾವರ ರಾಜ ಬಂದು ನನ್ನ ಆಟ ಮುಗಿಸಿದ. ನಾನು ಫೋನನ್ನು ದಿವಾನದ ಮೇಲೆ ಬಿಸಾಡಿ, “ಹಾಕಬಾರದಿತ್ತು, ನನ್ನದೇ ತಪ್ಪು” ಎಂದೆ.

ಮಗ ಪುಸ್ತಕದಿಂದ ತಲೆ ಎತ್ತಿದ. “ಇಲ್ಲಪ್ಪಾ, ನೀವು ಹಾಕಿದ್ದು ಸರೀನ ಇತ್ತು. ಎಲಿ ಬರಲಿಲ್ಲ, ಅಷ್ಟ. ನಾಳೆ ಮತ್ತ ಹಿಂಗ ಬಂದ್ರ ಮತ್ತ ಹಿಂಗ ಹಾಕ್ರಿ.”

ಅಷ್ಟು ಹೇಳಿ ಓದಿಗೆ ಮರಳಿದ. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ಸೋಲನ್ನು ನೋಡಿ ನಿರ್ಧಾರವನ್ನು ಅಳೆಯಬಾರದೆಂದು ಐವತ್ತೈದು ರೂಪಾಯಿಯ ವಿಷಯದಲ್ಲಿ ಅವನು ನನಗೆ ಹೇಳಿದ. ಅವನ ಜೀವನದ ವಿಷಯದಲ್ಲಿ ಅದೇ ಮಾತನ್ನು ನಾನು ಅವನಿಗೆ ಹೇಳಿರಲಿಲ್ಲ. ಆ ಕಂಪನಿ ಸೇರುವಾಗ ಅವನು ಸಂಬಳ, ಕೆಲಸ, ಮಾಲೀಕರ ಹಿನ್ನೆಲೆ ಎಲ್ಲ ವಿಚಾರಿಸಿದ್ದ. ಎಂಟು ತಿಂಗಳ ಮನೆಖರ್ಚನ್ನು ಠೇವಣಿಯಲ್ಲಿ ಇಟ್ಟೇ ಕೆಲಸ ಬಿಟ್ಟಿದ್ದ. ನನ್ನ ಬ್ಯಾಂಕಿನಲ್ಲೇ ಇಟ್ಟ ಠೇವಣಿ ಅದು. ನಾನೇ ಅರ್ಜಿ ತುಂಬಿಕೊಟ್ಟಿದ್ದೆ. ಮಹಾಮಾರಿ ಬರುವುದೆಂದು ಅವನಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. “ಹೇಳಿದ್ದಿಲ್ಲೇನು” ಎಂದ ನಾನು ಹೇಳಿದ್ದಾದರೂ ಏನು? ಬೇಡ ಎಂದಿದ್ದೆ, ಅಷ್ಟೆ.

ಬೆಳಿಗ್ಗೆ ಚಹಾ ಕುಡಿಯುವಾಗ ಹೇಗೋ ಬಾಯಿ ಬಿಟ್ಟೆ. “ನೀ ಆ ನೌಕರಿ ಹಿಡದದ್ದು ತಪ್ಪಲ್ಲೋ. ನಾ ಅಂದದ್ದು ತಪ್ಪು.” ಅವನು ಬಟ್ಟಲು ಕೆಳಗಿಟ್ಟು, “ಇರ್ಲಿ ಬಿಡ್ರಪ್ಪಾ” ಎಂದ. ನನ್ನಾಕೆ ಆ ದಿನ ಇಸ್ಪೀಟಿನ ಬಗ್ಗೆ ಏನೂ ಅನ್ನಲಿಲ್ಲ.

ಲೆಕ್ಕ ಒಪ್ಪಿಸದೆ ಮುಗಿಸಿದರೆ ನಾನು ಬ್ಯಾಂಕಿನವನೇ ಅಲ್ಲ. ಆಡಿದ ಪಂದ್ಯ 412. ಕಟ್ಟಿದ್ದು 22,660 ರೂಪಾಯಿ. ಮೊದಲ 200ರಲ್ಲಿ 4,520 ನಷ್ಟ. ಆಮೇಲಿನ 212ರಲ್ಲಿ 3,765 ಲಾಭ. ಒಟ್ಟು ನಷ್ಟ 755. ಲಾಭ ಬಂದದ್ದು ವಿದ್ಯೆಯಿಂದಲೋ ಅದೃಷ್ಟದಿಂದಲೋ ಎಂದು ತೀರ್ಮಾನಿಸಲು ಇನ್ನೂರು ಪಂದ್ಯ ಏನೇನೂ ಸಾಲದು, ಸಾವಿರಗಟ್ಟಲೆ ಬೇಕು. 2025ರ ಆಗಸ್ಟಿನಲ್ಲಿ ಆನ್‌ಲೈನ್ ಹಣದಾಟಗಳನ್ನು ನಿಷೇಧಿಸಿ ಸಂಸತ್ತು ಕಾನೂನು ಮಾಡಿತು. ನಾನು ಆಡುತ್ತಿದ್ದ ಕಡೆಯೂ ಅಂಗಡಿ ಮುಚ್ಚಿದರು. ಅದಕ್ಕೆ ನನ್ನ ತಕರಾರಿಲ್ಲ. ನೂರರಲ್ಲೊಂದು ಪಾಲು ಎಂಬ ಕಟ್ಟು ಹಾಕಿಕೊಡುವ ಮಗ ಎಲ್ಲರ ಮನೆಯಲ್ಲೂ ಇರುವುದಿಲ್ಲ.

ಈಗ ಭಾನುವಾರ ಸಂಜೆ ಹುಣಸೆಬೀಜಗಳನ್ನು ಬಿಲ್ಲೆ ಮಾಡಿಕೊಂಡು ಮನೆಯವರೇ ಆಡುತ್ತೇವೆ. ಮಗನಿಗೆ ಬೇರೆ ಕೆಲಸ ಸಿಕ್ಕು ವರ್ಷಗಳಾದವು. ನನ್ನಾಕೆಯೂ ಆಟ ಕಲಿತಿದ್ದಾಳೆ. ಅವಳು ಒಂದು ಎಲೆಯನ್ನೂ ಬಿಡುವುದಿಲ್ಲ. ಆದರೂ ಬೀಜಗಳೆಲ್ಲ ಅವಳ ಬಳಿಯೇ ಸೇರುತ್ತವೆ. ಹ್ಯಾರಿಂಗ್ಟನ್ನನ ಪುಸ್ತಕದಲ್ಲಿ ಇದಕ್ಕೆ ಉತ್ತರವಿಲ್ಲ.